ಕತ್ತಲ ಕೋಣೆಯ ಪ್ರಯೋಗ

ಚಿಂತಾಮಣಿ
೧೮-೧೧-೧೯೬೫

ನಮ್ಮ ಯಜಮಾನರಿಗೆ ಆದಿಲಕ್ಷ್ಮಿಯ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಗೌರಿಬಿದನೂರಿಗೆ ವರ್ಗವಾದ ಮೇಲೆ ನಿಮ್ಮ ಕೆಮ್ಮು ಜಾಸ್ತಿಯಾಗಿಲ್ಲ ತಾನೇ? ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ಕಾಲೇಜಿನ ಸಮಾಚಾರ ಕೇಳಿದ್ದೀರಿ. ಪೂರ್ತಿಯಾಗಿಯೇ ಬರೆಯುತ್ತೇನೆ.

ಹೋದ ಕಾಗದದಲ್ಲಿ ಬರೆದಿದ್ದಂತೆ, ಹುಡುಗರಿಗೆ ಕತ್ತಲ ಕೋಣೆಯಲ್ಲಿ ಬೆಳಕಿನ ಧ್ರುವೀಕರಣದ ಪ್ರಯೋಗ ಜೋಡಿಸಿದೆ. ಕಾಲೇಜಿನವರು ಉಪಕರಣ ತರಿಸಿಕೊಡುವುದಿಲ್ಲ ಎಂದರು; ಬೇಡ ಬಿಡಿ ಎಂದೆ. ಫೋಟೋಗೆ ಕಟ್ಟು ಹಾಕುವ ಗಂಗುಲಪ್ಪನಿಗೆ ಗಾಜು ಹೇಳಿದರೆ, ಆತ ಪ್ರೀತಿಯಿಂದ ಕನ್ನಡಿಗಳನ್ನೇ ಕಳಿಸಿದ್ದ. “ಬರೀ ಗಾಜಲ್ಲಿ ಮುಖ ಏನ್ ಕಾಣ್ತದೆ ಮೇಡಮ್ಮ?” ಅಂತೆ! ಕನ್ನಡಿಯಲ್ಲಿ ಈ ಪ್ರಯೋಗ ನಡೆಯುವುದಿಲ್ಲ. ಮತ್ತೆ ಬರೀ ಗಾಜು ತಂದು, ಅತ್ತೆಯವರು ಹೇಳಿಕೊಟ್ಟ ಹಾಗೆ ಹರಳೆಣ್ಣೆ ದೀಪದಲ್ಲಿ ಕಾಡಿಗೆ ಹಿಡಿದು ಹಿಂಭಾಗಕ್ಕೆ ಬಳಿದೆ. ದೀಪದ ಬೆಳಕು ಒಂದು ಗಾಜಿಗೆ ಓರೆಯಾಗಿ ತಾಗಿ ಇನ್ನೊಂದಕ್ಕೆ ಬರುತ್ತದೆ. ಆ ಎರಡನೆಯದನ್ನು ಮೆಲ್ಲಗೆ ತಿರುಗಿಸಿದರೆ ಒಂದು ಕಡೆ ಬೆಳಕು ಮಾಯವಾಗುತ್ತದೆ. ಅದನ್ನು ನೋಡಲು ಕೋಣೆ ಕತ್ತಲಾಗಿರಬೇಕು. ತಕರಾರು ಅಲ್ಲೇ.

ನಿನ್ನೆ ಆಡಳಿತ ಮಂಡಳಿಯ ಕಾರ್ಯದರ್ಶಿ ರಾಮಾಂಜಿನಪ್ಪನವರು ಬಂದರು. “ವಯಸ್ಸಿಗೆ ಬಂದ ಹುಡುಗ್ರು, ಕತ್ಲು ಕೋಣೆ, ನೀವೊಬ್ರೇ ಹೆಂಗಸು. ದೂರು ಬಂದೈತಮ್ಮ. ಈ ಕ್ಲಾಸು ಗಂಡಸು ಮೇಷ್ಟ್ರಿಗೆ ಬಿಟ್ಬಿಡಿ” ಎಂದರು.

“ಕತ್ಲು ಬೇಕಿರೋದು ದೀಪಕ್ಕೆ ಸಾರ್, ನನಗಲ್ಲ. ನೀವೂ ಕೂತ್ಕೊಂಡು ನೋಡಿ” ಎಂದೆ. ಸ್ಟೂಲು ಹಾಕಿಸಿ ಬಾಗಿಲು ಮುಚ್ಚಿಸಿಯೇಬಿಟ್ಟೆ. ಬೆಳಕು ಹೋದಾಗ ಅವರು “ಅರೆ, ಎಕ್ಕಡ ಪೋಯಿಂದಿ?” ಅಂದರು, ಎಲ್ಲಿ ಹೋಯಿತು ಅಂತ ತೆಲುಗಿನಲ್ಲೇ. ಹುಡುಗರೆಲ್ಲ ಗೊಳ್ಳೆಂದರು. ಅವರೂ ನಕ್ಕರು, ಆದರೆ ಮಾತು ಮಾತ್ರ ಬದಲಿಸಲಿಲ್ಲ.

ನಾನೂ ಬದಲಿಸುವುದಿಲ್ಲ. ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿದೆ. ಇದೊಂದು ಕ್ಲಾಸು ಬಿಟ್ಟುಕೊಟ್ಟರೆ ನಾಳೆ ಕೆಲಸವನ್ನೇ ಬಿಡಿ ಎನ್ನುತ್ತಾರೆ. ಬೇಕಾದರೆ ಅವರೇ ತೆಗೆದುಹಾಕಲಿ; ನಾನಾಗಿ ರಾಜೀನಾಮೆ ಬರೆಯುವವಳಲ್ಲ. ಸೋಮವಾರ ಉಳಿದ ಹುಡುಗರಿಗೆ ಅದೇ ಕೋಣೆಯಲ್ಲಿ ಅದೇ ಪ್ರಯೋಗ ಮಾಡಿಸುತ್ತೇನೆ.

ಅತ್ತೆಯವರಿಗೆ ನಮಸ್ಕಾರ ತಿಳಿಸಿ. ನಾದಿನಿಯ ಮಗುವಿಗೆ ನನ್ನ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ಆದಿಲಕ್ಷ್ಮಿ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ದೂರು ಯಾರದೆಂದು ರಾಮಾಂಜಿನಪ್ಪನವರು ಹೊರಡುವಾಗ ಹೇಳಿದರು. “ನಾವೇನ್ ಮಾಡಾಣ ತಾಯಿ, ನಿಮ್ಮ ಯಜಮಾನ್ರೇ ಹೋದ ಶನಿವಾರ ಬಂದು ಹೇಳ್ಬುಟ್ಟು ಹೋದ್ರು.” ಆವತ್ತು ಮಧ್ಯಾಹ್ನದಿಂದ ನಾನು ಮನೆಯಲ್ಲೇ ಇದ್ದೆ. ಚಿಂತಾಮಣಿಯವರೆಗೂ ಬಂದವರಿಗೆ, ಮನೆಗೆ ಬಂದು ನನ್ನನ್ನೇ ಕೇಳೋಣ ಅನ್ನಿಸಲಿಲ್ಲವೇ?