ಕಾವಲುಬಾಯಿ ಎಲ್ಲಿ ನಿಲ್ಲಬೇಕು

ಇಸವಿ ಎರಡು ಸಾವಿರದ ಇನ್ನೂರ ಮೂವತ್ತೊಂದು, ಹದಿಮೂರನೇ ತಿಂಗಳು, ಶನಿವಾರ
ಕೆಂಗುಳಿ, ಸೊಂಡೂರು ಸೀಮೆ

ಹಿಂದಿನ ಕಾಲದ ಹಿರಿಯರಿಗೆ ಹುಲಿಗೆಮ್ಮ ಮಾಡುವ ನಮಸ್ಕಾರ.

ಹದಿಮೂರನೇ ತಿಂಗಳು ಅಂದದ್ದಕ್ಕೆ ಗಾಬರಿಯಾಗಬೇಡಿ. ಬೇಸಿಗೆ ಬೆಳೆದೂ ಬೆಳೆದೂ ನಿಮ್ಮ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೋದ ಮೇಲೆ ಅದಕ್ಕೇ ಅಂತ ಒಂದು ತಿಂಗಳು ಬೇರೆ ಕೊಟ್ಟರು. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಮನ್ನಿಸಬೇಕು. ಶಾಲೆ ನನಗೆ ನಾಲ್ಕನೇ ಇಯತ್ತೆಗೆ ನಿಂತಿತು, ಮತ್ತೆ ಸೇರಿದೆ, ಮತ್ತೆ ನಿಂತಿತು. ಅದೂ ಅಲ್ಲದೆ ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ.

ನೀವು ಅದಿರು ತೋಡಿಕೊಂಡು ಬಿಟ್ಟುಹೋದ ಗುಂಡಿಯೇ ನಮ್ಮ ಕೆಂಗುಳಿ. ಅದರ ತಳದಲ್ಲಿ ತತ್ತಿಹಾದಿ ಇದೆ. ತತ್ತಿಯ, ಅಂದರೆ ಮೊಟ್ಟೆಯ ಆಕಾರದ್ದು, ಹೊರ ಅಂಚು ಎತ್ತರಿಸಿ ಒಳಕ್ಕೆ ವಾಲಿಸಿದ್ದು, ತಿರುವೆಲ್ಲ ಎಡಕ್ಕೇ. ಅದರಲ್ಲಿ ಪಂದ್ಯಕ್ಕೆ ಓಡುವುದು ತೆರೆಗಾಲಿ, ಅಂದರೆ ಒಬ್ಬರೇ ಕೂರುವ, ನಾಲ್ಕೂ ಗಾಲಿ ಹೊದಿಕೆಯಿಲ್ಲದೆ ಹೊರಗೇ ಚಾಚಿಕೊಂಡಿರುವ ಗಾಡಿ. ಗಾಲಿಗೆ ಗಾಲಿ ತಾಗಿತೋ, ಹಿಂದಿನದು ಮುಂದಿನದರ ಮೇಲೆ ಹತ್ತಿಯೇಬಿಡುತ್ತದೆ. ಬಿಸಿಲೇರಿದರೆ ಹೊರಗಿರಲು ಅಪ್ಪಣೆಯಿಲ್ಲ, ಆದ್ದರಿಂದ ಬೆಳ್ಳಂಬೆಳಗ್ಗೆಯೇ ಓಟ. ಜನ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದು ಗುಂಡಿಯ ಮೆಟ್ಟಿಲುಗಳ ಮೇಲೆ ಕೂರುತ್ತಾರೆ. ಎಲ್ಲಿ ಕೂತರೂ ಇಡೀ ಹಾದಿ ಕಾಣುತ್ತದೆ.

ಓಡಿಸುವವರಿಗೆ ಹಿಂದೆ, ಪಕ್ಕದಲ್ಲಿ ಯಾರಿದ್ದಾರೆಂದು ಕಾಣದು. ಅದಕ್ಕೇ ಒಬ್ಬೊಬ್ಬರಿಗೂ ಮನೆಯವರೇ ಒಬ್ಬರು ಕಾವಲುಬಾಯಿ. ಎತ್ತರದಲ್ಲಿ ನಿಂತು, ಕಂಡದ್ದನ್ನೆಲ್ಲ ರೇಡಿಯೊದಲ್ಲಿ ಅವರ ಕಿವಿಗೆ ಹೇಳುತ್ತಲೇ ಇರಬೇಕು: ಬಾಲಕ್ಕೊಬ್ಬ ಬಂದ, ಎಡಕ್ಕೊಬ್ಬಳು, ಈಗ ಖಾಲಿ. ಮಾತು ನಿಲ್ಲಬಾರದು. ನಿಂತರೆ ಮುಂದೆ ಅಪಾಯ ಎಂದೇ ಲೆಕ್ಕ, ತಕ್ಷಣ ಪೆಡಲಿನಿಂದ ಕಾಲು ತೆಗೆದು ವೇಗ ಇಳಿಸಬೇಕು. ಚಿಕ್ಕಂದಿನಿಂದ ಮಕ್ಕಳಿಗೆ ಕಲಿಸುವುದೇ ಇದು. ನಾನು ನನ್ನ ಮಗಳು ಪಂಪಾಕ್ಷಿಯ ಕಾವಲುಬಾಯಿ. ಹೊತ್ತು ಹುಟ್ಟಿದರೆ ಚಿಂತೆ ಮಾಡುವ ನನ್ನಂಥವಳಿಗೆ ಹೇಳಿ ಮಾಡಿಸಿದ ಕೆಲಸ. "ಮನ್ಯಾಗ ಬೈದದ್ದು ಸಾಲ್ದು ಅಂತ ಕಿವ್ಯಾಗೂ ಬಂದು ಕುಂತೀ ನೋಡವ್ವ" ಎಂದು ಅವಳು ಛೇಡಿಸುತ್ತಾಳೆ.

ಈ ವರ್ಷ ಓಟದ ಪರಿಷತ್ತಿನವರು ತತ್ತಿಹಾದಿಗೆ ಬೀಗ ಜಡಿದರು. ಇನ್ನು ಹೊಸಪೇಟೆಯ ಬೀದಿಗಳಲ್ಲೇ ಓಟವಂತೆ, ಅಂಗಡಿಗಳ ನಡುವೆ. ಕೇಳಲು ಹೋದೆ. ಅಧ್ಯಕ್ಷರಾದ ವೀರನಗೌಡರು, "ಸುತ್ತಿದ್ದ ಸುತ್ತೋದು ಗಾಣದೆತ್ತಿನ ಕೆಲಸ ಬಿಡಬೇ ಹುಲಿಗೆವ್ವ. ಬೀದ್ಯಾಗ ಎಡಕ್ಕೂ ಬಲಕ್ಕೂ ಹೊಳ್ಳಬೇಕು, ಬ್ರೇಕ್ ಹಾಕಬೇಕು, ಅದು ಚಾಲಾಕಿ ಅಂದ್ರ" ಎಂದರು. "ಆತ್ರೀ ಗೌಡ್ರ, ನಾ ಎಲ್ಲಿ ನಿಂದ್ರಲಿ?" ಎಂದೆ. ನಕ್ಕುಬಿಟ್ಟರು. ಗಾಣದೆತ್ತಿಗೆ ಕಣ್ಣು ಕಟ್ಟಿರುತ್ತಾರೆ ಸ್ವಾಮಿ. ಇಲ್ಲಿ ಕಣ್ಣು ಕಟ್ಟಿದ್ದು ಅವರು, ನಮಗೆ.

ತಾಲೀಮಿನ ದಿನ ನೀರಿನ ಟ್ಯಾಂಕಿನ ಮೇಲೆ ಹತ್ತಿ ನಿಂತೆ. ಕಂಡದ್ದು ಎರಡು ಬೀದಿ. ಪಂಪಾಕ್ಷಿ ಬಟ್ಟೆ ಬಜಾರಿನ ಹಿಂದೆ ಮರೆಯಾದಳು. ಕಾಣದ್ದನ್ನು ಖಾಲಿ ಎಂದು ಹೇಗೆ ಹೇಳಲಿ? ಬಾಯಿ ಮುಚ್ಚಿದೆ. ಮಾತು ನಿಂತದ್ದೇ ತಡ, ಅವಳು ಕಲಿತ ಹಾಗೆ ಕಾಲು ತೆಗೆದಳು. ಬೆನ್ನಿಗೇ ಬರುತ್ತಿದ್ದ ಗಾಡಿ ಅವಳ ಗಾಲಿ ಹತ್ತಿ ಗೋಡೆಗೆ ಹಾರಿತು. ಅದರಲ್ಲಿದ್ದವನ ಕಾಲು ಮುರಿಯಿತು, ಇವಳ ಮಣಿಕಟ್ಟು ಉಳುಕಿತು. ಪರಿಷತ್ತಿನ ತೀರ್ಪು ಏನು ಗೊತ್ತೆ? ಓಡಿಸುವಾಕೆ ಹೆದರಿದಳು, ಇನ್ನೊಮ್ಮೆ ಹೀಗಾದರೆ ಅವಳ ಪರವಾನಗಿ ರದ್ದು. ಹೆದರಿದಳಂತೆ! ಹೆದರುವುದು ನನ್ನ ಕೆಲಸ, ಅವಳದ್ದಲ್ಲ. ತಿರುವಿಗೊಬ್ಬರಂತೆ ಕಾವಲುಬಾಯಿ ನಿಲ್ಲಿಸುತ್ತೇವೆ ಎಂದು ಬೇಡಿಕೊಂಡರೆ, ಗಾಡಿಗೆ ಒಂದೇ ದನಿ, ನಿಯಮ ಎಂದರು. ಕ್ಯಾಮೆರಾದ ಪರದೆ ನೋಡಿಕೊಂಡು ಹೇಳು ಎಂದರು. ಪರದೆಯಲ್ಲಿ ಚಿತ್ರ ಮೂಡುವಷ್ಟರಲ್ಲಿ ಗಾಡಿ ಎರಡು ಅಂಗಡಿ ದಾಟಿರುತ್ತದೆ.

ನಾಳೆ ಬೀದಿಯ ಮೊದಲ ಓಟ. ಹೋಗಬೇಡ ಎಂದು ಪಂಪಾಕ್ಷಿಯ ಕೈ ಹಿಡಿದುಕೊಂಡೆ. ಅವಳೆಂದಳು: "ಓಡಸ್ದಿದ್ರ ಹೆದರ್ಯಾಳ ಅಂದದ್ದು ಖರೇ ಆಕ್ಕತಿ. ಕಾಣ್ದಾಗ ನೀ ಸುಮ್ಮನಾಗಬ್ಯಾಡ, ಅಷ್ಟ. ಏನರ ಮಾತಾಡು, ಯಾರನ್ನರ ಬೈ. ಖಾಲಿ ಅಂತ ಮಾತ್ರ ಸುಳ್ಳು ಹೇಳಬ್ಯಾಡ."

ಹಿರಿಯರೇ, ನಿಮ್ಮ ಕಾಲದಲ್ಲಿ ಎರಡೂ ಬಗೆಯ ಓಟ ಇದ್ದವೆಂದು ಕೇಳಿದ್ದೇನೆ. ಬೀದಿ ಓಟ ಬೇಡವೇ ಬೇಡ ಎನ್ನುವಷ್ಟು ಓದಿದವಳು ನಾನಲ್ಲ. ಆದರೆ ಯಾರಾದರೂ ನಕ್ಷೆ ಹಿಡಿದು ಬಂದರೆ ಒಂದು ಮಾತು ಕೇಳಿ: ಕಾಯುವವರು ಎಲ್ಲಿ ನಿಲ್ಲಬೇಕು? ಉತ್ತರ ಕೊಡದವರಿಗೆ ಒಂದು ಬೀದಿಯನ್ನೂ ಕೊಡಬೇಡಿ.

ನಾಳೆ ಟ್ಯಾಂಕು ಹತ್ತುತ್ತೇನೆ. ಅವಳು ಬಜಾರಿನ ಹಿಂದೆ ಮರೆಯಾದ ಕೂಡಲೇ ವೀರನಗೌಡರಿಂದಲೇ ಶುರುಮಾಡುತ್ತೇನೆ. ನಮ್ಮ ಮಾತೆಲ್ಲ ಪರಿಷತ್ತಿನ ಕೋಣೆಯಲ್ಲೂ ಕೇಳಿಸುತ್ತದಂತೆ. ಕೇಳಿಸಿಕೊಳ್ಳಲಿ. ಮಗಳು ಈಚೆ ಹೊರಬರುವ ತನಕ ನಾನು ನಿಲ್ಲಿಸುವುದಿಲ್ಲ.

ಹುಲಿಗೆಮ್ಮ
ಪಂಪಾಕ್ಷಿಯ ಅವ್ವ