ಕೆಳಗಿನ ಮಂಚದ ಕೆಮ್ಮು

ಖೈತಾನ್, ಕುವೈತ್
14 ನವೆಂಬರ್ 2025, ಶುಕ್ರವಾರ

ಪ್ರೀತಿಯ ಮೊಲ್ಲಿ,

ಫೋನ್ ಇಲ್ಲ, ಬರೀ ಮೆಸೇಜು ಎಂದು ನೀನು ಮುಖ ಊದಿಸಿಕೊಂಡಿರುವುದು ಗೊತ್ತು. ತಪ್ಪು ನನ್ನದೇ. ಆದರೆ ಫೋನಿನಲ್ಲಿ ನನ್ನ ಒಂದು ಮಾತಿಗೆ ನಿನ್ನವು ಹತ್ತು. ಇದನ್ನು ಪೂರ್ತಿ ಹೇಳಬೇಕಿತ್ತು. ಪಕ್ಕದ ಬಿಲ್ಡಿಂಗಿನ ಫ್ರೀಡಾ ಬಾಯಿ ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಇಲ್ಲಿ ಒಂದರ ಮೇಲೊಂದು ಮಂಚ; ನನ್ನ ಕೆಳಗಿನ ಮಂಚದ ಕೊರಗಪ್ಪಣ್ಣ ತೀರಿಹೋದರು. ತಿಂಗಳುಗಟ್ಟಲೆ ಕೆಮ್ಮುತ್ತಿದ್ದರು. ಈ ರೂಮಿನಲ್ಲಿ ಅದಕ್ಕೆ ‘ಏಸಿ ಕೆಮ್ಮು’ ಎಂದು ಹೆಸರು. ಧೂಳಿಗೆ ಹೆದರಿ ಕಿಟಕಿಗಳಿಗೆಲ್ಲ ಟೇಪು ಅಂಟಿಸಿ ಮಲಗುವವರು ನಾವು. ಎಕ್ಸ್‌ರೇಯಲ್ಲಿ ಕ್ಷಯ ಕಂಡರೆ ಇಕಾಮಾ, ಅದೇ ಇಲ್ಲಿರುವ ಪರ್ಮಿಟ್ಟು, ಖಲಾಸ್, ಊರಿಗೆ ವಾಪಸ್ ಎಂಬ ಹೆದರಿಕೆ ಅವರಿಗೆ. ನಾವೂ ಸೂಪರ್‌ವೈಸರ್ ಬಂದಾಗಲೆಲ್ಲ ಟಿವಿ ಜೋರು ಮಾಡಿ ಆ ಕೆಮ್ಮು ಮುಚ್ಚಿದೆವು. ಉಪಕಾರವೆಂದೇ ನಂಬಿದ್ದೆವು. ಕೊನೆಗೆ ಸಾವಿಗೆ ಕಾರಣ ಹಾರ್ಟ್ ಎಂದರು. ರೂಮಿನ ಬ್ಯಾರಿ ಹುಡುಗ ಬಾವಾ, “ಸತ್ತ ಮೇಲೆ ಯಾರ ಹಾರ್ಟ್ ನಿಲ್ಲುದಿಲ್ಲ ಮಾರಾಯ?” ಎಂದು ಗೊಣಗಿದ.

ಹೆಣ ಊರಿಗೆ ಹೋದ ಮೇಲೆ ಅದು ಶುರುವಾಯಿತು. ಮೀನಾ ಅಬ್ದುಲ್ಲಾ ರಿಫೈನರಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದು ನಾನು ಮಲಗಿರುವ ಮಧ್ಯಾಹ್ನ, ಕೊರಗಪ್ಪಣ್ಣನ ಮಂಚದ ಪರದೆಯ ಕಡೆಯಿಂದ ಅದೇ ಕೆಮ್ಮಂತೆ. ಎದೆ ಕಿತ್ತು ಬರುವಂಥದ್ದು. ರೂಮಿನ ಇನ್ನೊಬ್ಬ ಹುಡುಗ ಶೇನ್ ಪರದೆ ಸರಿಸಿ ನೋಡಿದನಂತೆ, ಬರೀ ಹಾಸಿಗೆ. “ಅಣ್ಣ ಇನ್ನೂ ಹೋಗ್ಲಿಲ್ಲ” ಎಂದು ಅವನು ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡ. ಬಾವಾ ದುವಾ ಓದಿದ, ನಾನು ಜಪಸರ ಹೇಳಿದೆ, ಸಾಂಬ್ರಾಣಿ ಹಾಕಿದೆವು. ಕೆಮ್ಮು ನಿಲ್ಲಲಿಲ್ಲ. ಸೋಜಿಗವೆಂದರೆ ನನಗೊಬ್ಬನಿಗೆ ಅದು ಒಮ್ಮೆಯೂ ಕೇಳಿಸಲಿಲ್ಲ. ಆದರೂ ಎಲ್ಲರಿಗಿಂತ ಹೆಚ್ಚು ಹೆದರಿದವನು ನಾನೇ.

ನಮ್ಮ ಪುಟ್ಟ ಜೋಯಲ್‌ಗೆಂದು ನೀನು ಕೇಳಿದ್ದ ಶೂ ಕಳಿಸಿದ್ದೇನೆ. ಒಂದು ಸೈಜು ದೊಡ್ಡದೇ ತೆಗೆದಿದ್ದೇನೆ, ಬೈಯಬೇಡ. ದೇವರ ಕೈ ನಿಮ್ಮಿಬ್ಬರ ತಲೆಯ ಮೇಲಿರಲಿ.

ನಿನ್ನ
ಕಜೆಟನ್

ತಾ.ಕ.: ಮೊನ್ನೆ ಬಾವಾ ಧೈರ್ಯ ಮಾಡಿ ಆ ಖಾಲಿ ಮಂಚದಲ್ಲೇ ಕೂತು ಕಾದ. ಕೆಮ್ಮು ಅವನ ತಲೆಯ ಮೇಲಿನಿಂದ ಬಂತು. ನನ್ನನ್ನು ತಟ್ಟಿ ಎಬ್ಬಿಸಿದ. “ನಿದ್ದೆಯಲ್ಲಿ ಕೆಮ್ಮುದು ನೀನೇ ಕಜೆಟನ್. ಯಲ್ಲಾ, ಆಸ್ಪತ್ರೆಗೆ ಹೋಗುವ.” ಹೋದೆ. ಕ್ಷಯವೇ. ಮದ್ದು ಶುರುವಾಗಿದೆ, ಗುಣವಾಗುತ್ತದೆ ಎಂದಿದ್ದಾರೆ; ಕೆಲಸ ಹೋದರೆ ಹೋಗಲಿ. ನೀನೂ ಜೋಯಲೂ ಎಕ್ಸ್‌ರೇ ತೆಗೆಸಿಕೊಳ್ಳಿ ಎಂದು ನಿನ್ನೆ ಮೆಸೇಜ್ ಹಾಕಿದ್ದಕ್ಕೆ, ಚೆನ್ನಾಗಿರುವ ಮಗುವಿಗೆ ಯಾಕೆ ಎಂದು ನಕ್ಕಿದ್ದಿ. ಸೆಪ್ಟೆಂಬರಿನಲ್ಲಿ ನಾನು ರಜೆಗೆ ಬಂದಿದ್ದಾಗ ಅವನು ದಿನವೂ ನನ್ನ ಎದೆಯ ಮೇಲೆಯೇ ಮಲಗುತ್ತಿದ್ದ, ಮೊಲ್ಲಿ.