ತಿರುಚಿದ ಕುಚ್ಚು

ಅಮ್ಮಾ, ನೀನಿಲ್ಲವೆಂದು ಗೊತ್ತಿದ್ದೂ ನಿನಗೇ ಹೇಳಬೇಕೆನಿಸಿತು.

ಬೆಳಿಗ್ಗೆ ಇದ್ದಕ್ಕಿದ್ದಂತೆ ಹೊಟ್ಟೆಯ ಎಡಗಡೆ ಚುಚ್ಚಿ ಹಿಡಿಯಿತು. ಸ್ಕ್ಯಾನಿಂಗ್ ಕೋಣೆಯ ಮಬ್ಬಿನಲ್ಲಿ ತೇಲಿದಂತೆ ಮಲಗಿದ್ದೆ; ತೆರೆಯ ಮೇಲೆ ನನ್ನೊಳಗಿನ ಮಂಜು ಮೆಲ್ಲಗೆ ಸರಿಯುತ್ತಿತ್ತು.

"ಕರುಳಿನ ಹೊರಗಡೆ ಕೊಬ್ಬಿನ ಸಣ್ಣ ಕುಚ್ಚುಗಳು ನೇತಾಡ್ತಿರ್ತವೆ. ಅದ್ರಲ್ಲಿ ಒಂದು ತಿರುಚಿಕೊಂಡಿದೆ. ಅಪರೂಪದ್ದು, ಆದ್ರೆ ತಾನಾಗೇ ವಾಸಿಯಾಗುತ್ತೆ," ಎಂದರು ಡಾಕ್ಟರು.

ಪರದೆಗಳಿಗೆ ಕುಚ್ಚು ಕಟ್ಟುತ್ತಾ ಕೂತಲ್ಲೇ ನೀನು ಹೊಟ್ಟೆ ಹಿಡಿದುಕೊಂಡು, "ರೀ, ಒಳಗೂ ಒಂದು ಕುಚ್ಚು ತಿರುಚಿಕೊಂಡ ಹಾಗಿದೆ," ಎನ್ನುತ್ತಿದ್ದೆಯಲ್ಲ? "ಗ್ಯಾಸು ಕಣೇ, ನಾಟಕ ಆಡ್ಬೇಡ," ಎಂದು ಅಪ್ಪ ನಗುತ್ತಿದ್ದರು. ನಾನೂ.

ಮನೆಗೆ ಬಂದು ಡಾಕ್ಟರ ಮಾತು ಹೇಳಿದೆ. ಅಪ್ಪ ಕೂತಲ್ಲಿಂದ ಎದ್ದರು. ನೀನು ಹೊಲಿದ ಪರದೆಯ ಮುಂದೆ ನಿಂತು, ಸಿಕ್ಕಾದ ಕುಚ್ಚುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು.

"ಸಾಕು, ಊಟಕ್ಕೆ ಬನ್ನಿ ಅಪ್ಪಾ," ಎಂದರೆ, "ಇರು, ಮೆಲ್ಲಗೆ ಬಿಡಿಸ್ಬೇಕು. ಅವಳಿಗೆ ನೋಯುತ್ತೆ," ಎನ್ನುತ್ತಾರೆ.